ಥಾರ್ ಮರುಭೂಮಿ: ನೀರಿನ ದಾರಿ ಹಿಡಿದು ಓದಿದ್ರೆ ಎಲ್ಲಾ ನೆನಪಿರುತ್ತೆ

ಥಾರ್ ಬಗ್ಗೆ ನಾವೆಲ್ಲ ಓದೋ ರೀತಿ ನೋಡಿ, ಮರಳುದಿಬ್ಬ ಭೂಗೋಳದ ನೋಟ್ಸಲ್ಲಿ, ರಜಪೂತರು ಇತಿಹಾಸದಲ್ಲಿ, ಬಿಷ್ಣೋಯಿ ಪಂಥದವರು ಪರಿಸರದ ಚಾಪ್ಟರಲ್ಲಿ. ಹಿಂಗೆ ಮೂರು ಕಡೆ ಹರಿದು ಹಂಚಿ ಬರ್ಕೊಂಡ್ರೆ ಪರೀಕ್ಷೆ ಹತ್ರ ಬಂದಾಗ ಒಂದೂ ತಲೇಲಿ ನಿಲ್ಲಲ್ಲ. ಈ ಪ್ರದೇಶನ ನೀರಿನ ಕಡೆಯಿಂದ ಹಿಡಿದು ಓದಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಅಲ್ಲಿ ಊರು ಕಟ್ಟಿದ್ದು, ವ್ಯಾಪಾರ ಮಾಡಿದ್ದು, ಮರಕ್ಕೋಸ್ಕರ ಪ್ರಾಣ ಕೊಟ್ಟಿದ್ದು ಎಲ್ಲದರ ಹಿಂದೆ ನೀರಿನ ಕೊರತೆ ಇದೆ.

ಮೊದಲು ಜಾಗ ಗುರುತಿಸ್ಕೊಳ್ಳಿ. ಸುಮಾರು 2 ಲಕ್ಷ ಚದರ ಕಿ.ಮೀ., ಅದರಲ್ಲಿ ಬಹುಪಾಲು ನಮ್ಮ ದೇಶದಲ್ಲಿ, ಅದೂ ಹೆಚ್ಚಾಗಿ ರಾಜಸ್ಥಾನದಲ್ಲಿ, ಉಳಿದದ್ದು ಪಾಕಿಸ್ತಾನದ ಸಿಂಧ್ ಮತ್ತು ಪಂಜಾಬಲ್ಲಿ. ಪೂರ್ವಕ್ಕೆ ಅರಾವಳಿ, ದಕ್ಷಿಣಕ್ಕೆ ಕಚ್ಛಿನ ರಣ್ ಅನ್ನೋ ಉಪ್ಪಿನ ಜೌಗು ಬಯಲು, ಪಶ್ಚಿಮಕ್ಕೆ ಸಿಂಧೂ ಬಯಲು. ಈಗ ಮುಖ್ಯ ಪ್ರಶ್ನೆ, ಅರಬ್ಬಿ ಸಮುದ್ರ ಅಷ್ಟು ಹತ್ರ ಇದ್ರೂ ಮಳೆ ಯಾಕಿಲ್ಲ? ನಮ್ಮ ಪಶ್ಚಿಮಘಟ್ಟ ಮಾನ್ಸೂನ್ ಗಾಳಿಗೆ ಅಡ್ಡ ನಿಂತಿದೆ, ಅದಕ್ಕೇ ಆಗುಂಬೆಲಿ ಸುರಿಯುತ್ತೆ. ಅರಾವಳಿ ಹಂಗಲ್ಲ, ನೈಋತ್ಯದಿಂದ ಈಶಾನ್ಯಕ್ಕೆ ಮಲಗಿದೆ, ಅರಬ್ಬಿ ಸಮುದ್ರದ ಗಾಳಿ ಬರೋದೂ ಅದೇ ದಿಕ್ಕಲ್ಲಿ, ಹಂಗಾಗಿ ಗಾಳಿ ಬೆಟ್ಟದ ಪಕ್ಕದಲ್ಲೇ ಸಾಗಿ ಹೋಗ್ಬಿಡುತ್ತೆ, ಮೇಲಕ್ಕೇರಿ ತಂಪಾಗೋ ಅವಕಾಶಾನೇ ಸಿಗಲ್ಲ. ಬಂಗಾಳಕೊಲ್ಲಿಯ ಗಾಳಿ ಅಷ್ಟು ದೂರ ಬರೋ ಹೊತ್ತಿಗೆ ತೇವ ಕಳ್ಕೊಂಡಿರುತ್ತೆ. ಜೈಸಲ್ಮೇರಲ್ಲಿ ವರ್ಷಕ್ಕೆ 200 ಮಿ.ಮೀ.ಗಿಂತ ಕಡಿಮೆ ಮಳೆ. ನದಿ ಅಂತ ಹೇಳ್ಕೊಳ್ಳೋಕೆ ಇರೋದು ಲೂಣಿ, ಅಜ್ಮೇರ್ ಹತ್ರ ಅರಾವಳಿಲಿ ಹುಟ್ಟಿ ಕಚ್ಛಿನ ರಣ್‌ನಲ್ಲಿ ಇಂಗಿ ಹೋಗುತ್ತೆ, ಬಾಲೋತ್ರಾ ದಾಟಿದ ಮೇಲೆ ಅದರ ನೀರೂ ಉಪ್ಪು. ಸಾಂಭರ್, ಡೀಡವಾನಾ, ಪಚ್‌ಪದ್ರಾ ಈ ಮೂರೂ ಉಪ್ಪುನೀರಿನ ಸರೋವರಗಳು, ಹೊಂದಿಸಿ ಬರೆಯಿರಿಗೆ ಇಟ್ಕೊಳ್ಳಿ.

ಭೂಮಿ ಆಳದಲ್ಲೂ ಬಹಳ ಕಡೆ ಉಪ್ಪುನೀರೇ. ಹಂಗಾದ್ರೆ ಜನ ಶತಮಾನಗಟ್ಟಲೆ ಬದುಕಿದ್ದು ಹೆಂಗೆ? ಇಲ್ಲಿ ಸ್ವಲ್ಪ ನಿಂತು ಓದಿ, ಇಡೀ ವಿಷಯದಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಇದು. ಅಲ್ಲಿಯವರು ನೀರನ್ನ ಮೂರು ಥರ ಲೆಕ್ಕ ಹಾಕ್ತಾರೆ. ಮಳೆ ಬಿದ್ದು ಮೇಲೆ ಹರಿಯೋದು ಪಾಲರ್ ಪಾನಿ, ಆಳದ ಅಂತರ್ಜಲ ಪಾತಾಳ್ ಪಾನಿ, ಇವೆರಡರ ನಡುವೆ ಮರಳಲ್ಲಿ ಹಸಿಯಾಗಿ ಉಳಿಯೋದು ರೇಜಾಣಿ ಪಾನಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಪದರ ಇದೆ, ಮಳೆನೀರು ಇಂಗಿ ಅದರ ಮೇಲೆ ನಿಲ್ಲುತ್ತೆ, ಕೆಳಗಿನ ಉಪ್ಪುನೀರಿಗೆ ಸೇರಲ್ಲ. ಆ ಹಸಿನ ಹಿಡಿಯೋಕೆ ತೋಡೋ ಸಣ್ಣ ಬಾವಿಗೆ ಕುಂಯಿ ಅಂತಾರೆ. ಬಾಯಿ ಬರೀ ನಾಲ್ಕೈದು ಅಡಿ ಅಗಲ, ಒಳಗೆ ಗುದ್ದಲಿ ಬೀಸೋಕೂ ಜಾಗ ಇರಲ್ಲ, ಕೂತ್ಕೊಂಡು ಮೋಟು ಹಿಡಿಯ ಸಲಕರಣೆಲಿ ಅಗೀಬೇಕು. ಆಳಕ್ಕೆ ಹೋದಂಗೆ ಸೆಕೆ ಜಾಸ್ತಿ, ಅದಕ್ಕೆ ಮೇಲೆ ನಿಂತವರು ಆಗಾಗ ಮುಷ್ಟಿ ಮರಳನ್ನ ಜೋರಾಗಿ ಒಳಗೆ ಎಸೀತಾರೆ, ಅದರ ಜೊತೆ ಮೇಲಿನ ಗಾಳಿ ಕೆಳಗೆ ಇಳಿಯುತ್ತೆ. ಆ ಮರಳು ತಲೆಗೆ ಬಡೀಬಾರದು ಅಂತ ಅಗೆಯೋನು ಲೋಹದ ಪಾತ್ರೆ ತಲೆಗೆ ಹಾಕ್ಕೊಂಡಿರ್ತಾನೆ. ಇಷ್ಟು ಕಷ್ಟಪಟ್ರೆ ದಿನಕ್ಕೆ ಸಿಗೋದು ಎರಡು ಮೂರು ಕೊಡ ಸಿಹಿನೀರು.

ಹೊಲಕ್ಕೆ ಬೇರೆ ಉಪಾಯ, ಖಡೀನ್. ಕಲ್ಲುಗುಡ್ಡದ ಇಳಿಜಾರಿನ ಕೆಳಗೆ ಉದ್ದಕ್ಕೂ ಮಣ್ಣಿನ ಒಡ್ಡು ಹಾಕ್ತಾರೆ, ಮಳೆನೀರೆಲ್ಲ ಅಲ್ಲಿ ನಿಂತು ಇಂಗುತ್ತೆ, ಹೆಚ್ಚಾದದ್ದು ಕೋಡಿಲಿ ಹೋಗುತ್ತೆ, ನೀರು ಇಳಿದ ಮೇಲೆ ಅದೇ ಹಸಿ ಮಣ್ಣಲ್ಲಿ ಹಿಂಗಾರಿಗೆ ಗೋಧಿ, ಕಡಲೆ ಬಿತ್ತೋದು. ಇದರಲ್ಲಿ ಪಳಗಿದವರು ಜೈಸಲ್ಮೇರ್ ಕಡೆಯ ಪಾಲೀವಾಲ ಬ್ರಾಹ್ಮಣರು. ಅವರ ಕುಲಧರಾ ಊರು 19ನೇ ಶತಮಾನದಲ್ಲಿ ಖಾಲಿಯಾಯ್ತು, ಯೂಟ್ಯೂಬಲ್ಲಿ ಅದನ್ನ ದೆವ್ವದ ಊರು ಅಂತ ತೋರಿಸೋದು ನೋಡಿದ್ರೆ ಬೇಜಾರಾಗುತ್ತೆ. ದಿವಾನ ಸಾಲಿಂ ಸಿಂಗನ ಕಿರುಕುಳ ಅಂತ ಜನ ಹೇಳ್ತಾರೆ, ನೀರು ಬತ್ತಿದ್ದೂ ಕಾರಣ ಅಂತ ವಿದ್ವಾಂಸರು ಹೇಳ್ತಾರೆ.

ಯಾವ ಊರನ್ನ ಯಾರು ಯಾವಾಗ ಕಟ್ಟಿದ್ರು ಅನ್ನೋ ಇಸವಿಗಳನ್ನ ಬೇಗ ನೋಡ್ಬಿಡೋಣ. ಜೈಸಲ್ಮೇರ್ 1156, ರಾವಲ್ ಜೈಸಲ್, ಭಾಟಿ ವಂಶ. ಜೋಧಪುರ 1459, ರಾವ್ ಜೋಧಾ, ರಾಠೋಡರು. ಬಿಕಾನೇರ್ 1488, ಜೋಧಾನ ಮಗ ರಾವ್ ಬೀಕಾ. ಬೆಳೆ ಕಡಿಮೆ ಇರೋ ಜೈಸಲ್ಮೇರಿಗೆ ಹವೇಲಿ ಅನ್ನೋ ದೊಡ್ಡ ದೊಡ್ಡ ಮನೆ ಕಟ್ಟೋವಷ್ಟು ದುಡ್ಡು ಎಲ್ಲಿಂದ ಬಂತು ಅಂದ್ರೆ ಒಂಟೆ ಸಾಲುಗಳ ವ್ಯಾಪಾರದಿಂದ. ಸಿಂಧ್ ಕಡೆ ಹೋಗಿಬರೋ ಸರಕೆಲ್ಲ ಆ ದಾರೀಲಿ ಸಾಗ್ತಿತ್ತು. ಮುಂಬೈ ಬಂದರು ಮತ್ತೆ ರೈಲು ಬಂದ್ಮೇಲೆ ವ್ಯಾಪಾರ ಆ ಕಡೆ ತಿರುಗ್ತು, 1947ರಲ್ಲಿ ಗಡಿ ಬಿದ್ದು ಪೂರ್ತಿ ನಿಂತೋಯ್ತು. ಮಾರವಾಡಿ ವ್ಯಾಪಾರಿಗಳು ದೇಶದ ತುಂಬಾ ಹರಡಿದ್ದನ್ನ ಇದರ ಜೊತೆಗಿಟ್ಟು ಓದಿ, ನಮ್ಮ ಚಿಕ್ಕಪೇಟೆಯಲ್ಲೂ ಅವರ ಅಂಗಡಿಗಳು ಇವೆಯಲ್ಲ.

ಈಗ ಮರದ ವಿಷಯ. ಖೇಜಡಿ ಅಂದ್ರೆ ಬೇರೆ ಯಾವುದೂ ಅಲ್ಲ, ದಸರಾದಲ್ಲಿ ನಾವು ಎಲೆ ಹಂಚಿ "ಬಂಗಾರದಂಗಿರೋಣ" ಅಂತೀವಲ್ಲ, ಅದೇ ಬನ್ನಿ ಮರ. ಬೇರು ತುಂಬಾ ಆಳಕ್ಕೆ ಹೋಗುತ್ತೆ, ಮಣ್ಣಿಗೆ ಸಾರಜನಕ ಕೊಡುತ್ತೆ, ಅದರ ಕೆಳಗೇ ಸಜ್ಜೆ ಬೆಳೀತಾರೆ, ಎಲೆ ಮೇವಿಗೆ, ಸಾಂಗ್ರಿ ಅನ್ನೋ ಕಾಯಿ ಪಲ್ಯಕ್ಕೆ. ಗುರು ಜಂಭೇಶ್ವರರು 1485ರಲ್ಲಿ ಬಿಷ್ಣೋಯಿ ಪಂಥ ಶುರು ಮಾಡಿ 29 ನಿಯಮ ಕೊಟ್ಟಾಗ ಹಸಿರು ಮರ ಕಡೀಬಾರದು ಅನ್ನೋದನ್ನೂ ಸೇರಿಸಿದ್ರು. 1730ರಲ್ಲಿ ಜೋಧಪುರದ ಮಹಾರಾಜ ಅಭಯ್ ಸಿಂಗನ ಕಡೆಯವರು ಅರಮನೆ ಕೆಲಸಕ್ಕೆ ಸುಣ್ಣ ಸುಡೋಕೆ ಸೌದೆ ಬೇಕು ಅಂತ ಖೇಜಡ್ಲಿ ಊರಿಗೆ ಬಂದ್ರು. ಅಮೃತಾದೇವಿ ಮರ ತಬ್ಬಿ ನಿಂತ್ಲು, ಅವಳ ಹಿಂದೆ ಒಬ್ಬೊಬ್ಬರಾಗಿ ಒಟ್ಟು 363 ಜನ ಸತ್ರು. ಮರ ತಬ್ಬಿ ಕಾಡು ಉಳಿಸೋ ಚಳವಳಿಗಳಾದ ಚಿಪ್ಕೋ, 1983ರ ನಮ್ಮ ಶಿರಸಿ ಕಡೆಯ ಅಪ್ಪಿಕೋ ಬರೆಯುವಾಗ ಇದನ್ನ ಮೊದಲು ಬರೀರಿ. ನೆರಳು, ಮೇವು, ಊಟ ಎಲ್ಲಾ ಒಂದೇ ಮರದಿಂದ ಸಿಗೋ ಜಾಗದಲ್ಲಿ ಆ ಮರಕ್ಕೆ ಎಷ್ಟು ಬೆಲೆ ಅಂತ ಯೋಚಿಸಿ.

ಸಂಗೀತದಲ್ಲಿ ಎರಡು ಗಾಯಕ ಸಮುದಾಯಗಳ ಹೆಸರು ಸಾಕು, ಮಾಂಗಣಿಯಾರ್ ಮತ್ತು ಲಂಗಾ. ಮಾಂಗಣಿಯಾರರು ಮುಸ್ಲಿಮರು, ಆದ್ರೆ ತಲೆಮಾರುಗಳಿಂದ ಹೆಚ್ಚಾಗಿ ರಜಪೂತ ಮನೆಗಳ ಮದುವೆ, ನಾಮಕರಣಕ್ಕೆ ಹಾಡ್ತಾರೆ, ಅವರ ವಾದ್ಯ ಕಮಾಯ್ಚಾ ಅನ್ನೋ ಕಮಾನಿನಿಂದ ನುಡಿಸೋ ತಂತಿವಾದ್ಯ. ಲಂಗಾರದ್ದು ಸಿಂಧಿ ಸಾರಂಗಿ, ಅವರ ಪೋಷಕರು ಸಿಂಧಿ ಮುಸ್ಲಿಮರು.

ಕೊನೆಗೆ ಕಾಲುವೆ. 1899-1900ರ ಭೀಕರ ಬರಕ್ಕೆ ಛಪ್ಪನಿಯಾ ಅಕಾಲ್ ಅಂತಾರೆ, ಆಗ ವಿಕ್ರಮ ಸಂವತ್ 1956, ಛಪ್ಪನ್ ಅಂದ್ರೆ 56, ಅದಕ್ಕೇ ಆ ಹೆಸರು. ಅದನ್ನ ಕಣ್ಣಾರೆ ಕಂಡ ಬಿಕಾನೇರಿನ ಮಹಾರಾಜ ಗಂಗಾ ಸಿಂಗ್ 1927ರಲ್ಲಿ ಸಟ್ಲೆಜ್ ನೀರನ್ನ ಗಂಗ್ ಕಾಲುವೆಲಿ ತಂದ್ರು. ಸ್ವಾತಂತ್ರ್ಯ ಬಂದ್ಮೇಲೆ, 1958ರಲ್ಲಿ ರಾಜಸ್ಥಾನ ಕಾಲುವೆ ಕೆಲಸ ಶುರುವಾಯ್ತು, ಸಟ್ಲೆಜ್ ಬಿಯಾಸ್ ಕೂಡಿದ ಮೇಲೆ ಇರೋ ಹರಿಕೆ ಬ್ಯಾರೇಜಿಂದ ನೀರು, ಈಗಿನ ಹೆಸರು ಇಂದಿರಾ ಗಾಂಧಿ ಕಾಲುವೆ. ಗೋಧಿ, ಹತ್ತಿ, ಸಾಸಿವೆ ಬಂತು, ಕುಡಿಯೋ ನೀರು ಬಂತು, ಅದು ಸಣ್ಣ ವಿಷಯ ಅಲ್ಲ. ಆದ್ರೆ ಮರಳಿನ ಕೆಳಗಿನ ಜಿಪ್ಸಮ್ ಪದರ ಕಾಲುವೆ ನೀರನ್ನೂ ಹಂಗೇ ತಡೆದು ನಿಲ್ಲಿಸ್ತು. ಕುಂಯಿಗೆ ಸಿಹಿನೀರು ಉಳಿಸಿಕೊಟ್ಟಿದ್ದು ಇಂಥದ್ದೇ ಪದರ, ಹೊಲಕ್ಕೆ ಧಾರಾಳವಾಗಿ ನೀರು ಬಿಟ್ಟಾಗ ಅದರಿಂದಲೇ ಹನುಮಾನ್‌ಗಢ ಕಡೆ ಜೌಗು ಆಯ್ತು, ಉಪ್ಪು ಮೇಲೆ ಬಂದು ಎಷ್ಟೋ ಜಮೀನು ಹಾಳಾಯ್ತು. ಕಾಲುವೆಯ ಲಾಭ ನಷ್ಟದ ಪ್ರಶ್ನೆ ಬಂದ್ರೆ ಈ ಕಾರಣನ ಒಂದು ಸಣ್ಣ ಚಿತ್ರ ಬಿಡಿಸಿ ತೋರಿಸಿ, ಮರಳು ಮೇಲೆ, ಜಿಪ್ಸಮ್ ನಡುವೆ, ಉಪ್ಪುನೀರು ಕೆಳಗೆ.