‘ರಿಕವರಿ’ ಅಂತ ಮಲಗೋ ಯಜಮಾನರು: ದೊಡ್ಡ ಟ್ರಯಾಥ್ಲೀಟುಗಳೂ ಹಿಂಗ ಇರ್ತಾರೇನು?

ಪ್ರಶ್ನೆ: ನಮ್ಮ ಮನಿಯವರಿಗೆ ಟ್ರಯಾಥ್ಲಾನ್ ಹುಚ್ಚು ಹಿಡದೈತ್ರಿ. ಕಾಲಿನ ಕೂದಲಾ ಬೋಳಿಸ್ಯಾರ, ಮಧ್ಯಾಹ್ನ ಮಲಗತಾರ, ಸಂತಿಗೆ ಹೋಗಿ ಬರ್ರಿ ಅಂದ್ರ ‘ರಿಕವರಿ ಐತಿ’ ಅಂತಾರ. ಖರೇನ ದೊಡ್ಡ ಅಥ್ಲೀಟುಗಳು ಹಿಂಗ ಇರ್ತಾರೇನ್ರಿ? (ಹುಬ್ಬಳ್ಳಿಯಿಂದ)

ಉತ್ತರ: ಇರ್ತಾರ್ರಿ ಅಕ್ಕಾರ, ಮೂರೂ ಖರೆ. ಆದರೆ ಯಜಮಾನರು ನಿಮಗೆ ಖಾತೆಯ ಒಂದೇ ಪುಟ ತೋರಿಸಿದ್ದಾರೆ.

ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ. ಎಲೈಟ್ ಟ್ರಯಾಥ್ಲೀಟುಗಳು, ಅಂದರೆ ಅದರಲ್ಲಿ ಮೇಲ್ಮಟ್ಟದವರು, ವಾರಕ್ಕೆ ಸಾಮಾನ್ಯವಾಗಿ 25ರಿಂದ 30 ತಾಸು ತಾಲೀಮು ಮಾಡುತ್ತಾರೆ. ಬೆಳಿಗ್ಗೆ ಈಜು, ಆಮೇಲೆ ಸೈಕಲ್, ಸಂಜೆ ಓಟ. ನಡುವೆ ತಿನ್ನುವುದು, ಮಲಗುವುದು, ಬೆವರಿನ ಬಟ್ಟೆ ಒಗೆಯುವುದು. ರಾತ್ರಿ ಎಂಟೊಂಬತ್ತು ತಾಸು ನಿದ್ದೆಯಾದ ಮೇಲೂ ಮಧ್ಯಾಹ್ನ ಇನ್ನೊಂದಿಷ್ಟು. ರೋಮಾಂಚಕ ಬದುಕು ಅಂತ ನಾವು ಅಂದುಕೊಂಡಿದ್ದು ಇಷ್ಟೇ. ವಾರಕ್ಕೆ ಏಳೆಂಟು ತಾಸು ಬೆವರು ಸುರಿಸುವವರಿಗೆ ರಾತ್ರಿಯ ನಿದ್ದೆ ಧಾರಾಳವಾಗಿ ಸಾಕು. ವಿಶ್ರಾಂತಿಯ ದಿನವೂ ಎಲೈಟುಗಳು ಹಾಸಿಗೆ ಹಿಡಿಯುವುದು ಕಡಿಮೆ. ಅರ್ಧ ತಾಸು ಹಗುರಾಗಿ ಸೈಕಲ್ ತುಳಿಯುತ್ತಾರೆ, ಇಲ್ಲವೇ ನಡೆದಾಡುತ್ತಾರೆ. ಕೈಚೀಲ ಹಿಡಿದು ಸಂತೆ ಸುತ್ತುವುದು ಇದೇ ತೂಕದ ಕೆಲಸ. ನಿಶ್ಚಿಂತೆಯಿಂದ ಕಳಿಸಿರಿ.

ಇಷ್ಟು ತಾಲೀಮು ಯಾಕೆ? ಪೂರ್ಣ ಐರನ್‌ಮ್ಯಾನ್ ಎಂಬ ದೂರದ ಟ್ರಯಾಥ್ಲಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 25 ಮೀಟರಿನ ಕೊಳದಲ್ಲಿ ಈ ದಡದಿಂದ ಆ ದಡಕ್ಕೆ 152 ಸಲ. ಅಲ್ಲಿಂದ ಎದ್ದು ಹುಬ್ಬಳ್ಳಿಯಿಂದ ಗದಗಿಗೆ ಹೋಗಿ, ತಿರುಗಿ ಬಂದು, ಮತ್ತೆ ಗದಗ ಮುಟ್ಟಿದಷ್ಟು ಸೈಕಲ್. ಅದಾದ ಮೇಲೆ ಹುಬ್ಬಳ್ಳಿ-ಧಾರವಾಡ ಹೋಗಿ ಬಂದಷ್ಟು ಓಟ, ಪಕ್ಕದಲ್ಲೇ ಚಿಗರಿ ಬಸ್ಸು ಖಾಲಿ ಹೋಗುತ್ತಿದ್ದರೂ ಹತ್ತುವಂತಿಲ್ಲ. ಸಾಮಾನ್ಯ ಸ್ಪರ್ಧಿಗಳಿಗೆ ಹೆಚ್ಚೂಕಡಿಮೆ 17 ತಾಸಿನ ಗಡುವು. ಎಲೈಟ್ ಪುರುಷರು ಎಂಟು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತಾರೆ.

ನೀವು ಕೇಳದ ಒಂದು ಸಂಗತಿಯೇ ಇಲ್ಲಿ ಮುಖ್ಯ: ಹೊಟ್ಟೆ. ಬಹಳ ರೇಸುಗಳು ಕೆಡುವುದು ಕಾಲಿನಿಂದಲ್ಲ, ಹೊಟ್ಟೆಯಿಂದ. ಎಲೈಟುಗಳು ಸೈಕಲ್ ಮೇಲೆ ತಾಸಿಗೆ 90 ಗ್ರಾಂ, ಕೆಲವರು ಅದಕ್ಕೂ ಹೆಚ್ಚು ಕಾರ್ಬೋಹೈಡ್ರೇಟ್ ಇಳಿಸುತ್ತಾರೆ. ಕರುಳು ಗ್ಲೂಕೋಸನ್ನು ತಾಸಿಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಉಳಿದದ್ದು ಕರುಳಿನಲ್ಲೇ ನಿಂತು ನೀರು ಎಳೆದುಕೊಳ್ಳುತ್ತದೆ, ಮುಂದಿನದ್ದನ್ನು ವಿವರಿಸಬೇಕಿಲ್ಲ. ಫ್ರಕ್ಟೋಸಿಗೆ ಕರುಳಿನಲ್ಲಿ ಬೇರೆ ಬಾಗಿಲಿದೆ, ಹಾಗಾಗಿ ಎರಡನ್ನೂ ಬೆರೆಸುತ್ತಾರೆ. ನಮ್ಮ ಅಡುಗೆಮನೆಯ ಸಕ್ಕರೆ ಹುಟ್ಟಿನಿಂದಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ದುಬಾರಿ ಜೆಲ್‌ಗಳಿಗೆ ಮನೆಯ ದುಡ್ಡು ಸೋರುತ್ತಿದ್ದರೆ ಹೀಗೆ ಮಾಡಿಕೊಡಿ: 750 ಮಿ.ಲೀ. ನೀರು, 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ಲಿಂಬಿಹಣ್ಣು. ಒಂದು ತಾಸಿಗೆ ಒಂದು ಬಾಟಲಿ, ಹತ್ತು ನಿಮಿಷಕ್ಕೊಂದು ಗುಟುಕು. ಮೊದಲ ವಾರವೇ ಇಷ್ಟು ಬೇಡ. 35-40 ಗ್ರಾಂ ಸಕ್ಕರೆಯಿಂದ ಶುರು ಮಾಡಿ, ವಾರವಾರ ಏರಿಸುತ್ತ ಕರುಳನ್ನೂ ಪಳಗಿಸಬೇಕು. ಮಧುಮೇಹ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಬರೀ ನೀರನ್ನೇ ತಾಸುಗಟ್ಟಲೆ ಗಟಗಟ ಕುಡಿಯುವುದೂ ಅಪಾಯವೇ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾದರೆ ಆಸ್ಪತ್ರೆಗೆ ಓಡಬೇಕು. ಹಾಗಂತ ನೀರೇ ಇಲ್ಲದಿದ್ದರೂ ಕಷ್ಟ. 1978ರಲ್ಲಿ ಹವಾಯಿಯಲ್ಲಿ ನಡೆದ ಮೊದಲ ಐರನ್‌ಮ್ಯಾನ್‌ಗೆ ಹೊರಟವರು 15, ಮುಗಿಸಿದವರು 12. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರಿಗೆ ದಾರಿಯಲ್ಲಿ ನೀರು ಖಾಲಿಯಾಗಿ, ಜೊತೆಗಿದ್ದವರು ಬಿಯರ್ ಕೊಟ್ಟಿದ್ದರು. ಈ ಇತಿಹಾಸವನ್ನು ಯಜಮಾನರಿಗೆ ಹೇಳದಿರುವುದು ಒಳ್ಳೆಯದು.

ರೇಸಿನ ಹಿಂದಿನ ದಿನ ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಉಳ್ಳಾಗಡ್ಡಿ ಬಂದ್. ನಾರು ಕರುಳಿನಲ್ಲಿ ಉಳಿದು ಓಡುವಾಗ ಕಾಡುತ್ತದೆ. ಬಿಳಿ ಅನ್ನ, ತೆಳ್ಳನೆಯ ಸಾರು, ಬಾಳೆಹಣ್ಣು ಸಾಕು. ನಮ್ಮ ಕಡೆಯವರಿಗೆ ಐರನ್‌ಮ್ಯಾನ್‌ನ ಅತ್ಯಂತ ಕಠಿಣ ಭಾಗ ಇದೇ. ಮಿರ್ಚಿ, ಗಿರಮಿಟ್ಟು ಪದಕ ಕೊರಳಿಗೆ ಬಿದ್ದ ಮೇಲೆ.

ಕಾಲಿನ ಕೂದಲು ತೆಗೆಸುವುದರಿಂದ ಗಾಳಿಯ ತಡೆ ತುಸು ತಗ್ಗುತ್ತದೆ. ಬಿದ್ದರೆ ಗಾಯ ತೊಳೆದು ಪಟ್ಟಿ ಹಚ್ಚುವುದೂ ಸಲೀಸು. ಆದರೆ ರೇಸಿನ ಹಿಂದಿನ ರಾತ್ರಿ ಬೋಳಿಸಿಕೊಂಡು ಬೆಳಿಗ್ಗೆ ಸಮುದ್ರಕ್ಕೆ ಇಳಿದರೆ ಉಪ್ಪುನೀರು ಅಲ್ಲೇ ಬುದ್ಧಿ ಕಲಿಸುತ್ತದೆ. ಎರಡು-ಮೂರು ದಿನ ಮೊದಲೇ ಮುಗಿಸಲಿ. ‘ಎತ್ತರದ ತಾಲೀಮಿಗೆ’ ಧಾರವಾಡದಲ್ಲಿ ರೂಮು ಮಾಡುತ್ತೇನೆ ಅಂದರೆ ಒಪ್ಪಬೇಡಿ. ಎಲೈಟುಗಳು ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳಲು ಹೋಗುವುದು 2000 ಮೀಟರ್ ಆಸುಪಾಸಿನ ಬೆಟ್ಟಗಳಿಗೆ. ಧಾರವಾಡದ 700 ಚಿಲ್ಲರೆ ಮೀಟರಿನಲ್ಲಿ ಹೆಚ್ಚುವುದು ಪೇಢಾ ಖರ್ಚು ಮಾತ್ರ.

ಎಲೈಟುಗಳಿಂದ ಪುಕ್ಕಟೆಯಾಗಿ ಕಲಿಯಬಹುದಾದದ್ದು ಈಜಿನಿಂದ ಸೈಕಲ್ಲಿಗೆ ಬದಲಾಗುವ ಚಳಕ. ಅವರು ಬೂಟುಗಳನ್ನು ಮೊದಲೇ ಪೆಡಲ್ಲಿಗೆ ಸಿಗಿಸಿ, ತೆಳು ರಬ್ಬರ್ ಬ್ಯಾಂಡಿನಿಂದ ಹಿಮ್ಮಡಿಯ ಕುಣಿಕೆಯನ್ನು ಸೈಕಲ್ಲಿಗೆ ಕಟ್ಟಿ, ಬೂಟು ನೆಲಕ್ಕೆ ಸಮನಾಗಿ ನಿಲ್ಲುವಂತೆ ಮಾಡುತ್ತಾರೆ. ಬರಿಗಾಲಲ್ಲಿ ಓಡಿ ಹತ್ತಿ ತುಳಿದಾಗ ಬ್ಯಾಂಡು ಹರಿಯುತ್ತದೆ, ವೇಗ ಬಂದ ಮೇಲೆ ಕಾಲು ಬೂಟಿನೊಳಗೆ. ದಪ್ಪ ಬ್ಯಾಂಡು ಹಾಕಿದರೆ ಹರಿಯದೆ ಪೆಡಲ್ ಹಿಡಿದು ಬೀಳಿಸುತ್ತದೆ. ಹೆಲ್ಮೆಟ್ಟಿನ ಬಕಲ್ ಹಾಕುವ ಮೊದಲು ಸೈಕಲ್ ಎತ್ತಿಕೊಂಡರೆ, ಹತ್ತುವ ಗೆರೆ ದಾಟುವ ಮುನ್ನವೇ ಹತ್ತಿದರೆ ದಂಡ. ವಾಹನವಿಲ್ಲದ ಮೈದಾನದಲ್ಲಿ ರೂಢಿ ಮಾಡಲಿ, ಆದರೆ ಮಳೆಗಾಲದಲ್ಲಿ ಎರೆಮಣ್ಣಿನ ಕಡೆ ಬೇಡ. ಬೂಟಿನಡಿಯ ಕ್ಲೀಟಿಗೆ (ಪೆಡಲ್ಲಿಗೆ ಸಿಕ್ಕಿಕೊಳ್ಳುವ ತುಂಡು) ಆ ಕೆಸರು ಮೆತ್ತಿದರೆ ಪೆಡಲ್ ಕಚ್ಚುವುದೇ ಇಲ್ಲ. ಹಸಿ ಇರುವಾಗಲೇ ಕಡ್ಡಿಯಿಂದ ಕೆರೆದು ತೆಗೆಯಬೇಕು. ಅದೂ ಹೊಸ್ತಿಲಿನ ಹೊರಗೆ, ಅವರೇ.