ಓಟು ಬರುವ ಮೊದಲೇ ಕೇಳಲು ಕಲಿತವರು

ದಿವಾನ್ ರಂಗಾಚಾರ್ಲು 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ ಬಂದವರು 144 ಮಂದಿ. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಬರುತ್ತಿದ್ದ ಜಮೀನ್ದಾರರು, ವರ್ತಕರು ದಿವಾನರ ಭಾಷಣ ಕೇಳಬೇಕು, ತಮ್ಮ ಅಹವಾಲು ಹೇಳಬೇಕು, ಊರಿಗೆ ಹೋಗಬೇಕು. ಅಷ್ಟೇ. ತೀರ್ಮಾನವೆಲ್ಲ ಸರ್ಕಾರದ್ದು. ಈ ಸಭೆಗೆ ಕಾಯ್ದೆಯ ಬಲ ಸಿಕ್ಕಿದ್ದೇ 1923ರಲ್ಲಿ.

ಹಾಗಂತ ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಧಿಕಾರದಲ್ಲಿರುವವರನ್ನು ಎದುರಿಗೆ ನಿಂತು ಕೇಳಬಹುದು ಅನ್ನೋದು ನಮ್ಮ ಕಡೆಯವರಿಗೆ ಓಟಿಗಿಂತ ಎಷ್ಟೋ ಮೊದಲೇ ರೂಢಿಯಾಯಿತು. ಆದರೆ ಕೇಳಿದ್ದು ಕೈಗೆ ಬಂದಿದ್ದು ಹೆಚ್ಚಾಗಿ ಸಭೆಯ ಹೊರಗಿನವರಿಂದ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಅಂತ ಪ್ರಜಾಮಿತ್ರ ಮಂಡಳಿ ಪಟ್ಟು ಹಿಡಿದ ಮೇಲೆಯೇ 1918ರಲ್ಲಿ ಈ ಬೇಡಿಕೆ ಪರಿಶೀಲಿಸಲು ಮಿಲ್ಲರ್ ಸಮಿತಿ ಬಂತು.

ಮುಂದಿನ ದೊಡ್ಡ ಪ್ರಸಂಗ ಮದ್ದೂರಿನದು. 1938ರ ಏಪ್ರಿಲ್‌ನಲ್ಲಿ ಅಲ್ಲಿನ ಶಿವಪುರದಲ್ಲಿ ಅಧಿವೇಶನ ಮಾಡಿ ಬಾವುಟ ಹಾರಿಸಲು ಮೈಸೂರು ಕಾಂಗ್ರೆಸ್ ಹೊರಟಿತು. ಸರ್ಕಾರ ಬೇಡ ಅಂತು. ಜನ ಸಾವಿರಗಟ್ಟಲೆ ಬಂದರು, ಅಧಿವೇಶನದ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರ ಬಂಧನವಾಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಹಲವರು ಸತ್ತರು. ಕೊನೆಗೆ ಬಾವುಟಕ್ಕೂ ಅನುಮತಿ ಸಿಕ್ಕಿತು, ಕಾಂಗ್ರೆಸ್ಸಿಗೂ ಮಾನ್ಯತೆ ಸಿಕ್ಕಿತು. ಈಗ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವಾಗ ಕಾಣುವ ಸತ್ಯಾಗ್ರಹ ಸೌಧವನ್ನು ಎಷ್ಟೋ ಮಂದಿ ಯಾವುದೋ ಕಲ್ಯಾಣ ಮಂಟಪ ಅಂದುಕೊಳ್ಳುತ್ತಾರೆ, ಬಿಡಿ.

1947ರ ಆಗಸ್ಟ್ 15 ಕಳೆದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ, ಇರಲಿಲ್ಲ. ಅದಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಿತು. ಸೆಪ್ಟೆಂಬರ್‌ನಲ್ಲಿ ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ನಾವು ದಿನಾ ಬಸ್ ಹಿಡಿಯುವ ರಾಮಸ್ವಾಮಿ ವೃತ್ತ ಅವನ ಹೆಸರಿನದೇ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಓಟು ಬಂದ ಮೇಲೆ ಸಂಘಗಳ ಕೆಲಸ ಮುಗಿಯಿತಾ? 1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿದ್ದೇ ಇದಕ್ಕೆ ಉತ್ತರ. ಶಾಸಕರಿದ್ದರೂ ಸಾಲಕ್ಕೆ ಜಪ್ತಿ ನಿಲ್ಲಲಿಲ್ಲ, ನಾಲೆಯ ಕೊನೆಭಾಗಕ್ಕೆ ನೀರು ಬರಲಿಲ್ಲ. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳ ಮುಂದೆ ಬೋರ್ಡು ಬಿದ್ದವು. ಹಸಿರು ಟವೆಲ್ ಹೆಗಲಿಗೆ ಬಂದರೆ ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಕೊಟ್ಟು ಮಾತಾಡಿಸುವಂತಾಯಿತು. ನನ್ನ ಪ್ರಕಾರ ಸಂಘದ ದೊಡ್ಡ ಗೆಲುವು ಈ ಕುರ್ಚಿಯೇ. ಮುಂದೆ ಸಂಘ ಚುನಾವಣೆಗೂ ಇಳಿಯಿತು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಒಳ್ಳೆಯದೇ. ಆದರೆ ನಮ್ಮವರೇ ಶಾಸಕರಾದರೆ ಮನವಿ ಪತ್ರ ಯಾರಿಗೆ ಕೊಡೋದು ಅನ್ನುವ ಪೇಚಾಟವೂ ಅಲ್ಲಿಂದಲೇ ಶುರು.

ಹೊರಗಿನ ಒಂದು ಕಥೆ ಇಲ್ಲಿ ಹೇಳಬೇಕು. ಟ್ಯುನೀಶಿಯಾದಲ್ಲಿ 2013ರಲ್ಲಿ ವಿರೋಧ ಪಕ್ಷದ ನಾಯಕರ ಕೊಲೆಗಳಾಗಿ ಪಕ್ಷಗಳು ಮಾತು ಬಿಟ್ಟವು. ಆಗ ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ವಕೀಲರ ಸಂಘ, ಮಾನವ ಹಕ್ಕುಗಳ ಸಂಘ ನಾಲ್ಕೂ ಸೇರಿ ಅವರನ್ನೆಲ್ಲ ಮಾತಿಗೆ ಕೂರಿಸಿದವು. 2014ರಲ್ಲಿ ಹೊಸ ಸಂವಿಧಾನ ಬಂತು, 2015ರಲ್ಲಿ ಈ ನಾಲ್ವರ ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನೇ ಅಮಾನತು ಮಾಡಿದರು. ಪಕ್ಷಗಳ ಜಗಳ ಸಾಕಾಗಿದ್ದ ಜನ ಬೀದಿಗಿಳಿದು ಕುಣಿದರು. ಆಮೇಲೆ ಪತ್ರಕರ್ತರು, ವಕೀಲರು ಜೈಲು ಸೇರಿದರು. ಕೂಟದ ಕೈಲಿ ರಾಜಿ ಮಾಡಿಸುವ ಶಕ್ತಿ ಇತ್ತು. ರಾಜಿಗೇ ಒಲ್ಲದವನನ್ನು ತಡೆಯುವ ಶಕ್ತಿ ಇರಲಿಲ್ಲ.

ನಮ್ಮಲ್ಲಿ ಸಂಘ ಸಂಸ್ಥೆಗಳ ಮೇಲೆ ಒತ್ತಡ ಬರುವುದು ಹೆಚ್ಚಾಗಿ ಕಾಗದಪತ್ರದ ದಾರಿಯಲ್ಲಿ. ವಿದೇಶಿ ದೇಣಿಗೆ ಕಾಯ್ದೆ ಬಂದಿದ್ದು 1976ರಲ್ಲಿ, ಅಂದರೆ ತುರ್ತು ಪರಿಸ್ಥಿತಿಯಲ್ಲಿ. 2020ರ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಆಡಳಿತದ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ದುರ್ಬಳಕೆ ತಡೆಯಲು ಅನ್ನುತ್ತದೆ ಸರ್ಕಾರ. ಲೆಕ್ಕ ಕೇಳೋದು ತಪ್ಪಲ್ಲ, ಆದರೆ ದೊಡ್ಡ ಸಂಸ್ಥೆಗಳ ಮೂಲಕ ದುಡ್ಡು ಪಡೆಯುತ್ತಿದ್ದ ಸಣ್ಣ ಊರಿನ ಗುಂಪುಗಳಿಗೇ ಪೆಟ್ಟು ಜಾಸ್ತಿ.

ಊರಲ್ಲೇ ಚಂದಾ ಎತ್ತಿ ಧರಣಿ ಮಾಡುವ ರೈತರಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಅವರನ್ನು ಕಾಡುತ್ತಿರುವುದು ಮನೆಯೊಳಗಿನ ಜಗಳ. ರೈತ ಸಂಘ ಒಡೆದು ಬಣಗಳಾಗಿ ವರ್ಷಗಳೇ ಆದವು. ಒಂದೇ ಬೇಡಿಕೆಗೆ ಒಬ್ಬರು ಇವತ್ತು, ಇನ್ನೊಬ್ಬರು ನಾಳೆ ಮನವಿ ಕೊಟ್ಟರೆ, ಎರಡನ್ನೂ ಒಂದೇ ಫೈಲಿಗೆ ಸೇರಿಸಿ ಕಟ್ಟಿಡುವುದು ಕಚೇರಿಯವರಿಗೆ ಸಲೀಸು.