ನವಾಹೊ ಕೂಸಿನ ಮೊದಲ ನಗು: ಜೊತೆಗೆ ಓದುವವರಿಗೆ ಟಿಪ್ಪಣಿ

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಈ ಮೂರು ರಾಜ್ಯಗಳಲ್ಲಿ ಹರಡಿಕೊಂಡಿರುವ ನವಾಹೊ ಮೂಲನಿವಾಸಿಗಳ ನಾಡು ನವಾಹೊ ನೇಷನ್. ವಿಸ್ತಾರ ಸುಮಾರು 70,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇಲ್ಲಿನ ಜನ ತಮ್ಮನ್ನು ಡಿನೆ ಎಂದು ಕರೆದುಕೊಳ್ಳುತ್ತಾರೆ.

ಮಗುವಿನ ಬೆಳವಣಿಗೆಯ ಪಾಠದಲ್ಲಿ ನಾವು ಕತ್ತು ನಿಲ್ಲುವುದು, ಮಗುಚುವುದು, ಅಂಬೆಗಾಲು, ತೊದಲು ಮಾತು ಅಂತ ಓದುತ್ತೇವೆ. ಡಿನೆ ಮನೆಗಳಲ್ಲೂ ಇವನ್ನೆಲ್ಲ ನೋಡಿ ಖುಷಿಪಡುತ್ತಾರೆ. ಆದರೆ ನೆಂಟರನ್ನು ಕರೆದು ಊಟ ಹಾಕುವುದು ಕೂಸು ಮೊದಲ ಸಲ ಸದ್ದು ಮಾಡಿ ನಕ್ಕಾಗ. ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಈ ನಗು ಬರುತ್ತದೆ. ಅಲ್ಲಿಯವರೆಗೆ ಕೂಸು ಇನ್ನೂ ದೇವತೆಗಳ ಜೊತೆಗಿದೆ, ನಕ್ಕ ಮೇಲೆ ಮನುಷ್ಯರ ನಡುವೆ ಇರಲು ತಾನೇ ಒಪ್ಪಿಕೊಂಡಿದೆ ಎಂಬುದು ನಂಬಿಕೆ.

ಕೂಸನ್ನು ಮೊದಲು ನಗಿಸಿದವರು ಯಾರೋ, ಔತಣದ ಹೊಣೆ ಅವರದ್ದು. ಅವರ ಗುಣವೇ ಕೂಸಿಗೂ ಬರುತ್ತದೆ ಎನ್ನುತ್ತಾರೆ. ಅದಕ್ಕೇ ಯಾರು ನಗಿಸಿದರು ಎನ್ನುವುದನ್ನು ಮನೆಯವರು ಚೆನ್ನಾಗಿ ನೆನಪಿಡುತ್ತಾರೆ. ಔತಣದ ದಿನ ಕೂಸಿಗೆ ಒಳ್ಳೆಯ ಬಟ್ಟೆ, ನೀಲಿ ಟರ್ಕಾಯ್ಸ್ ಕಲ್ಲಿನ ಒಡವೆ ಹಾಕುತ್ತಾರೆ. ಪುಟ್ಟ ಅಂಗೈಗೆ ಕಲ್ಲುಪ್ಪು ಇಡುತ್ತಾರೆ. ದೊಡ್ಡವರು ಆ ಕೈಯನ್ನು ಹಿಡಿದುಕೊಂಡು ಬಂದವರಿಗೆಲ್ಲ ಕೊಡಿಸುತ್ತಾರೆ. ಉಪ್ಪಿನ ಜೊತೆ ಊಟ, ಸಿಹಿ, ಚಿಕ್ಕ ಉಡುಗೊರೆಗಳೂ ಇರುತ್ತವೆ. ಗಮನಿಸಿ, ಇಲ್ಲಿ ಉಡುಗೊರೆ ಕೊಡುವವರು ನೆಂಟರಲ್ಲ, ಕೂಸೇ! ಈ ಶಾಸ್ತ್ರ ಮಾಡದಿದ್ದರೆ ಮಗು ಜಿಪುಣವಾಗಿ ಬೆಳೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮೂರು ತಿಂಗಳ ಮಗುವನ್ನು ಆತಿಥೇಯನ ಜಾಗದಲ್ಲಿ ಕೂರಿಸುವ ಈ ಪದ್ಧತಿ ನನಗೆ ತುಂಬಾ ಇಷ್ಟ. ಬೆಳವಣಿಗೆಯನ್ನು ಇಲ್ಲಿ ಮಗುವಿನ ಮೈಕೈ ಬಲದಿಂದ ಮಾತ್ರ ಅಳೆಯುವುದಿಲ್ಲ, ಉಳಿದವರ ಜೊತೆ ಅದು ಹೇಗೆ ಸೇರಿಕೊಂಡಿತು ಎಂದೂ ನೋಡುತ್ತಾರೆ.

ಹೊಕ್ಕುಳಬಳ್ಳಿಯ ವಿಷಯವೂ ಹೀಗೇ. ಬಿದ್ದ ಬಳ್ಳಿಯನ್ನು ಕುರಿದೊಡ್ಡಿಯ ಹತ್ತಿರ ಹೂತರೆ ಮಗು ಸಾಕುಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ, ಮಗ್ಗದ ಹತ್ತಿರ ಹೂತರೆ ನೇಯುವವಳಾಗುತ್ತಾಳೆ ಎಂಬ ಆಸೆ.

ಕೂಸನ್ನು ಸುತ್ತಿ ಕಟ್ಟಿ ಮಲಗಿಸುವ ತೊಟ್ಟಿಲ ಹಲಗೆಯನ್ನೂ ತಿಳಿದಿರಬೇಕು. ಅದರ ಒಂದೊಂದು ಭಾಗವೂ ಒಂದೊಂದರ ಸಂಕೇತ: ಹಿಂದಿನ ಎರಡು ಹಲಗೆಗಳಲ್ಲಿ ಒಂದು ಭೂಮಿ, ಇನ್ನೊಂದು ಆಕಾಶ. ತಲೆಯ ಮೇಲೆ ಬಾಗಿದ ಮರದ ಪಟ್ಟಿ ಕಾಮನಬಿಲ್ಲು. ಕೂಸನ್ನು ಸುತ್ತಿ ಕಟ್ಟುವ ದಾರ ಮಿಂಚು. ಕಾಲನ್ನು ನೆಟ್ಟಗೆ ಬಿಗಿದರೆ ಸೊಂಟದ ಕೀಲಿಗೆ ತೊಂದರೆ ಆಗಬಹುದು. ಅದಕ್ಕೇ ತೊಡೆ ಅಗಲಿಸಿ ಅಲ್ಲಾಡಿಸುವಷ್ಟು ಜಾಗ ಬಿಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ.

ಇನ್ನು ತಿರುಗಾಟ. ಊರುಗಳ ನಡುವೆ ದೂರ ಜಾಸ್ತಿ, ಹಾಗಾಗಿ ಕೂಸು ಹುಟ್ಟಿದಾಗಿನಿಂದಲೇ ಗಾಡಿ ಪಯಣಕ್ಕೆ ಒಗ್ಗಿಕೊಳ್ಳುತ್ತದೆ. ಶನಿವಾರ ಗ್ಯಾಲಪ್ ಪಟ್ಟಣದ ಸಂತೆ. ಸೆಪ್ಟೆಂಬರಿನಲ್ಲಿ ರಾಜಧಾನಿ ವಿಂಡೋ ರಾಕ್‌ನ ಜಾತ್ರೆ, ಅಕ್ಟೋಬರಿನಲ್ಲಿ ಶಿಪ್‌ರಾಕ್ ಜಾತ್ರೆ. ಶಿಪ್‌ರಾಕ್‌ನದ್ದು 1909ರಲ್ಲಿ ಶುರುವಾದದ್ದು. ಮೆರವಣಿಗೆ, ರೋಡಿಯೋ (ಕುದುರೆ, ಹೋರಿ ಸವಾರಿಯ ಪಂದ್ಯ), ಹಾಡು, ಕುಣಿತ, ಸುಟ್ಟ ಕುರಿಮಾಂಸ, ಎಣ್ಣೆಯಲ್ಲಿ ಕರಿದ ರೊಟ್ಟಿ ಎಲ್ಲಾ ಇರುತ್ತದೆ. ಅಜ್ಜಿ ಮನೆಗೆ ಹೋದರೆ ಬಾಗಿಲು ಪೂರ್ವಕ್ಕಿರುವ ಹೋಗನ್ ಎಂಬ ಸಾಂಪ್ರದಾಯಿಕ ಮನೆ, ಕುರಿಗಳು, ಜುನಿಪರ್ ಗಿಡದ ಬೂದಿ ಬೆರೆಸಿದ ನೀಲಿ ಮೆಕ್ಕೆಜೋಳದ ಗಂಜಿ. ಈ ಬೂದಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ.

ಹೊರಗೆ ಯಾರಾದರೂ ಸಿಕ್ಕರೆ ಕುಲ ಹೇಳಿಕೊಂಡು ಪರಿಚಯ ಮಾಡಿಕೊಳ್ಳುವುದು ರೂಢಿ. ಒಬ್ಬರಿಗೆ ನಾಲ್ಕು ಕುಲ: ಮೊದಲು ತಾಯಿಯದು, ಆಮೇಲೆ ತಂದೆಯದು, ತಾಯಿಯ ತಂದೆಯದು, ತಂದೆಯ ತಂದೆಯದು. 'ಕಹಿನೀರಿನವರು', 'ಎತ್ತರದ ಮನೆಯವರು' ಇಂಥ ಅರ್ಥದ ಹೆಸರುಗಳು. ತಾಯಿಯ ಕುಲವೇ ಮಗುವಿನ ಕುಲ. ತುಳುನಾಡಿನ 'ಬಳಿ' (ತಾಯಿಯಿಂದ ಬರುವ ಕುಲ) ಪದ್ಧತಿ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ, ಅಲ್ವಾ? ಕುಲ ಹೊಂದಿದರೆ ಅಪರಿಚಿತರೂ ಅಲ್ಲೇ ಕೂಸಿಗೆ ಅಕ್ಕನೋ ಅಜ್ಜಿಯೋ ಆಗುತ್ತಾರೆ.

ಮುಂದೆ ಓದುವವರು ಹುಡುಗಿಯರು ದೊಡ್ಡವರಾದಾಗ ನಡೆಯುವ ಕಿನಾಲ್ಡಾ ಶಾಸ್ತ್ರವನ್ನು ಇದರ ಜೊತೆಗಿಟ್ಟು ನೋಡಿ. ಅಲ್ಲಿ ಹುಡುಗಿ ದಿನವೂ ಪೂರ್ವದ ಕಡೆಗೆ ಓಡುತ್ತಾಳೆ, ಮೆಕ್ಕೆಜೋಳ ಬೀಸುತ್ತಾಳೆ. ನೆಲದ ಗುಂಡಿಯಲ್ಲಿ ರಾತ್ರಿಯಿಡೀ ದೊಡ್ಡ ಕೇಕ್ ಬೇಯುತ್ತದೆ. ಬೆಳಿಗ್ಗೆ ಅದನ್ನು ಬಂದವರಿಗೆಲ್ಲ ಹಂಚುತ್ತಾಳೆ. ತಾನು ಮಾತ್ರ ಅದನ್ನು ತಿನ್ನುವಂತಿಲ್ಲ.